ಮೇಳದಲ್ಲಿ ಕೂತವಳಿಗೆ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದ ಮೇಲೆ ಅಜ್ಜಿಗೆ ಮಂಡಿನೋವು ಸ್ವಲ್ಪ ಜಾಸ್ತಿ, ಮಿಕ್ಕಂತೆ ಗಟ್ಟಿಯಾಗಿದ್ದಾರೆ. ನಿನ್ನ ಪತ್ರ ಬಂದು ವಾರವಾಯಿತು. ಮೂರು ಸಲ ಓದಿದೆ. ನಾಟಕದ ತಂಡದಲ್ಲಿ ನಿನ್ನನ್ನು ಮೇಳದಲ್ಲಿ, ಹಾಡುವವರ ಜೊತೆ, ಕೂರಿಸಿ ತಾಳ ಹಾಕಿಸುತ್ತಾರೆ, ಬೇಸಿಗೆ ಬಂದರೆ ಮಕ್ಕಳ ಶಿಬಿರಕ್ಕೆ ಅಟ್ಟುತ್ತಾರೆ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಬರೆದಿದ್ದೀಯ. ಹಳೆಯದನ್ನೆಲ್ಲ ಒದರಿ ಹಾಕಿ ಪ್ರಯೋಗಶೀಲ ನಾಟಕ ಮಾಡಬೇಕು, ಆಮೇಲೆ ಸಿನಿಮಾ, ‘ಕಾರಂತರು ಮಾಡಲಿಲ್ಲವೇ ದೊಡ್ಡಮ್ಮ?’ ಎಂದೂ ಕೇಳಿದ್ದೀಯ. ನೀನು ನಾಟಕ ನಿರ್ದೇಶಕ ಬಿ.ವಿ. ಕಾರಂತರ ಹೆಸರು ಎತ್ತಿದ್ದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಕಾರಂತರು ಮಾಡಿದರು, ನಿಜ. ಹೇಗೆ ಮಾಡಿದರು ಅನ್ನುವುದನ್ನು ನೀನು ಅರ್ಧ ಮಾತ್ರ ನೋಡಿದ್ದೀಯ ಅನ್ನಿಸಿತು.

ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದವರು ಅವರು. ಮೂರನೇ ಕ್ಲಾಸಿನಲ್ಲಿದ್ದಾಗ ಪಿ.ಕೆ. ನಾರಾಯಣರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದರು. ಆ ಬಣ್ಣ ಆಮೇಲೆ ಅಳಿಸಲಿಲ್ಲ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು. ಓಡಿಹೋದ ಕತೆಯನ್ನೇ ಎಲ್ಲರೂ ಇಷ್ಟಪಟ್ಟು ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಓಡಿ ಹೋಗಿ ಸೇರಿದ್ದು ಎಲ್ಲಿಗೆ ಎನ್ನುವುದು. ನೀನು ಮೂಗು ಮುರಿಯುವ ಕಂಪನಿ ನಾಟಕಕ್ಕೇ! ಪರದೆ, ಸೀನು, ಹಾರ್ಮೋನಿಯಂ, ಒನ್ಸ್ ಮೋರ್, ಇದೇ ಅವರ ಮೊದಲ ಪಾಠಶಾಲೆ.

ಆ ಹುಡುಗನಲ್ಲಿ ಏನಿದೆಯೆಂದು ಗುಬ್ಬಿ ವೀರಣ್ಣನವರಿಗೆ ಕಂಡಿತು. ಎಂ.ಎ. ಮಾಡಿಕೊಂಡು ಬಾ ಎಂದು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಓದುತ್ತಲೇ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು. ಅದಾದ ಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ. 1962ರಲ್ಲಿ ಅಲ್ಲಿಂದ ಹೊರಬಿದ್ದಾಗ ಅವರಿಗೆ ಮೂವತ್ತು ದಾಟಿತ್ತು, ಪುಟ್ಟಿ. ಹೊರಬಂದ ಮೇಲೂ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕದ ಮೇಷ್ಟರಾಗಿದ್ದರು. ನಿನಗೆ ಇಪ್ಪತ್ತನಾಲ್ಕು. ತಡವಾಯಿತು ಎಂದು ಅಳುತ್ತೀಯ.

ಈಗ ಆ ‘ಪ್ರಯೋಗ’ದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ನಾಟಕ ಆಡುವುದಕ್ಕೇ ಪ್ರಯೋಗ ಎನ್ನುತ್ತಾರಲ್ಲ? ‘ಇವತ್ತಿನದು ಮೂರನೇ ಪ್ರಯೋಗ’ ಎಂದು ನೀನೂ ಬರೆಯುತ್ತೀಯ. ಕೈಯಲ್ಲಿರುವುದನ್ನು ಬಳಕೆಗೆ ತರುವುದೇ ಪ್ರಯೋಗ. ಕೈ ಖಾಲಿಯಿದ್ದರೆ ಯಾವುದನ್ನು ಪ್ರಯೋಗಿಸುತ್ತೀ? ಕಾರಂತರು ಬೆಂಗಳೂರಿಗೆ ಬಂದಾಗ ಅವರ ಚೀಲ ತುಂಬಿತ್ತು. ಕರಾವಳಿಯ ಯಕ್ಷಗಾನ, ಗುಬ್ಬಿ ಕಂಪನಿಯ ಮಟ್ಟುಗಳು, ಕಾಶಿಯ ರಾಗಗಳು, ಅಲ್ಕಾಜಿಯವರ ಶಿಸ್ತು ಎಲ್ಲವೂ ಅದರೊಳಗಿದ್ದವು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ, ಬಯಲಿನಲ್ಲಿ, ಲಂಕೇಶರ ‘ಈಡಿಪಸ್’, ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ ಆಡಿಸಿದರು. ಗ್ರೀಕರ ದುರಂತ ಮತ್ತು ನಮ್ಮ ಬಯಲಾಟದ ಹಾಡು ಎರಡನ್ನೂ ಒಂದೇ ಕೈ ಒಂದೇ ಅಂಗಳಕ್ಕೆ ತಂದಿತು. ಕಾರ್ನಾಡರ ‘ಹಯವದನ’ಕ್ಕೆ ಅವರು ಕಟ್ಟಿದ ‘ಗಜವದನ ಹೇ ರಂಬಾ’ದ ಮಟ್ಟನ್ನು ನೀವು ಈಗಲೂ ನಾಟಕಕ್ಕೆ ಮುಂಚೆ ಹಾಡುತ್ತೀರಿ.

ನಾನು ಮರೆಯಲಾರದ್ದು ‘ಸತ್ತವರ ನೆರಳು’. ಕಾರಂತರು ಕಟ್ಟಿದ ಬೆನಕ ತಂಡದವರು ಆಡಿದ್ದನ್ನು ನೋಡಿದೆ. ಶ್ರೀರಂಗರ ನಾಟಕ, ಮಠದೊಳಗಿನ ರಾಜಕೀಯದ ಕತೆ. ಅದಕ್ಕೆ ಕಾರಂತರು ಹೊಸ ಹಾಡು ಬರೆಸಲಿಲ್ಲ, ಪುರಂದರದಾಸರ ಪದಗಳನ್ನು ತಂದಿಟ್ಟರು. ನಿನ್ನ ಅಜ್ಜಿ ಪೂಜೆ ಮಾಡುತ್ತ ಗುನುಗುವಂಥ ಪದಗಳು, ನಾನು ಹುಟ್ಟಿದಾಗಿನಿಂದ ಕೇಳಿದವು. ಅಲ್ಲಿ ಕೂತು ಕೇಳಿದಾಗ ಒಂದೊಂದು ಸಾಲೂ ಬೇರೆಯೇ ಆಗಿ ಚುಚ್ಚಿತು. ದಾಸರು ಇಷ್ಟು ಕೋಪದಲ್ಲಿ ಹಾಡಿದ್ದರೇ ಎಂದು ಮೊದಲ ಬಾರಿಗೆ ಗೊತ್ತಾಯಿತು. ಒಂದಕ್ಷರ ಬದಲಿಸದೆ, ಇಡುವ ಜಾಗ ಬದಲಿಸಿ ಅವರು ಅದನ್ನು ಮಾಡಿದ್ದರು. ದಾಸರ ಪದ ಬಾಯಿಗೆ ಬಾರದವರಿಗೆ ಇದು ಸಾಧ್ಯವಿತ್ತೇ, ನೀನೇ ಹೇಳು.

ಸಿನಿಮಾದ ವಿಷಯ. 1971ರ ‘ವಂಶವೃಕ್ಷ’ವನ್ನು ಕಾರ್ನಾಡರ ಜೊತೆ ಸೇರಿ ನಿರ್ದೇಶಿಸಿದರು, ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನಗೆ ಕಾರಂತರ ಸಿನಿಮಾ ಎಂದರೆ 1975ರ ‘ಚೋಮನ ದುಡಿ’. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಪ್ರಶಸ್ತಿಗಾಗಿ ಅದನ್ನು ನೋಡಬೇಡ. ಮುಂದಿನ ಸಲ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳು. ಒಂದು ತುಂಡು ಭೂಮಿ ಉಳಬೇಕೆಂಬ ಆಸೆ, ಹುಟ್ಟಿದ ಜಾತಿಯಿಂದಾಗಿ ಅದು ಕೈಗೆ ಸಿಗದ ಸಂಕಟ, ಮಕ್ಕಳನ್ನು ಕಳೆದುಕೊಂಡ ದುಃಖ, ಇವನ್ನೆಲ್ಲ ಚೋಮ ಬಾಯಿಬಿಟ್ಟು ಎಷ್ಟು ಹೇಳುತ್ತಾನೆ? ಹೇಳಲಾಗದ್ದನ್ನು ತನ್ನ ದುಡಿಗೆ, ಆ ಚರ್ಮವಾದ್ಯಕ್ಕೆ, ಬಿಡುತ್ತಾನೆ. ಶಿವರಾಮ ಕಾರಂತರು ಕಾದಂಬರಿಯಲ್ಲೇ ಆ ದುಡಿ ಇಟ್ಟಿದ್ದರು. ಅದನ್ನು ಬಾರಿಸಿ ಕೇಳಿಸಲು ಮೇಳದಲ್ಲಿ ಕೂತು ಬಂದ ಕಿವಿಯೇ ಬೇಕಿತ್ತು. ಮುಂದೆ ‘ಋಷ್ಯಶೃಂಗ’ಕ್ಕೂ ‘ಘಟಶ್ರಾದ್ಧ’ಕ್ಕೂ ಸಂಗೀತ ಕೊಟ್ಟಾಗ ಸತತ ಎರಡು ವರ್ಷ ಶ್ರೇಷ್ಠ ಸಂಗೀತ ನಿರ್ದೇಶಕ ಪ್ರಶಸ್ತಿ ಬಂದದ್ದೂ ಆ ಕಿವಿಗೇ. ನೀನು ‘ಬರೀ ತಾಳ ಹಾಕುತ್ತಿದ್ದೇನೆ’ ಎಂದು ಬರೆದ ಸಾಲು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಇದಕ್ಕೇ.

1977ರಲ್ಲಿ ತಾವು ಕಲಿತ ದೆಹಲಿಯ ಶಾಲೆಗೇ ನಿರ್ದೇಶಕರಾದರು. ಅಲ್ಲಿ ಮ್ಯಾಕ್‌ಬೆತ್ ನಾಟಕವನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆಯಲ್ಲಿ ಕುಣಿಸಿದರು. ಬಾಬುಕೋಡಿಯ ಕಡೆಯ ಹೆಜ್ಜೆ ದೆಹಲಿಯ ರಂಗದ ಮೇಲೆ! ನೆನೆದರೆ ಈಗಲೂ ಹಿಗ್ಗಾಗುತ್ತದೆ. ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ ಬುಂದೇಲಿ, ಮಾಳ್ವಿ, ಛತ್ತೀಸ್‌ಗಢಿ ನುಡಿಗಳಲ್ಲಿ ನಾಟಕ ಆಡಿಸಿದರು. ಹೋದ ಕಡೆಯೆಲ್ಲ ಅಲ್ಲಿನ ಜನರ ಬಾಯಿಮಾತಿಗೆ ಮೊದಲು ಕಿವಿಗೊಟ್ಟರು. ಕೊನೆಗೆ 1989ರಲ್ಲಿ ನಮ್ಮ ಮೈಸೂರಿಗೆ ಬಂದು ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದರು.

ಆಗ ನಾನು ಇಲ್ಲಿ ಹೊಸದಾಗಿ ಶಾಲೆಗೆ ಟೀಚರಾಗಿ ಸೇರಿದ್ದೆ. ಸಂಜೆ ಕಲಾಮಂದಿರದ ಪಕ್ಕ ಬಸ್ಸಿಗೆ ಕಾಯುವಾಗ ಮರಗಳ ಆಚೆಯಿಂದ ತಾಲೀಮಿನ ಸದ್ದು ಬರುತ್ತಿತ್ತು. ಹಾಡು ಒಂದು ಕಡೆ ನಿಂತು ಮತ್ತೆ ಮೊದಲಿನಿಂದ ಶುರುವಾಗುವುದು, ಮತ್ತೆ ನಿಲ್ಲುವುದು. ಎಷ್ಟೋ ದಿನ ಬಸ್ಸು ಬಿಟ್ಟಿದ್ದೇನೆ. ಅವರ ನಾಟಕಗಳಲ್ಲಿ ಕಲ್ಲು, ಬಿದಿರು, ತಗಡಿನ ಡಬ್ಬ ಯಾವುದು ಬೇಕಾದರೂ ವಾದ್ಯವಾಗುತ್ತಿತ್ತು. ಮಾರನೇ ದಿನ ನಮ್ಮ ಶಾಲೆಯ ಮಕ್ಕಳ ಕೈಗೆ ತೆಂಗಿನ ಚಿಪ್ಪು ಕೊಟ್ಟು ಪಾಠದ ಪದ್ಯ ಹೇಳಿಸಿ ನೋಡಿದೆ. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದಿದ್ದ ಹುಡುಗ ಒಬ್ಬ ಎದ್ದು ನಿಂತು ಹೇಳಿದ. ಮಕ್ಕಳ ಶಿಬಿರ ಕೆಳಗಿನ ಕೆಲಸ ಎಂದು ನನ್ನ ಮುಂದೆ ಮಾತ್ರ ಹೇಳಬೇಡ. ಕಾರಂತರು ಅಷ್ಟು ಹೆಸರು ಮಾಡಿದ ಮೇಲೂ ‘ಪಂಜರ ಶಾಲೆ’ಯಂಥ ಮಕ್ಕಳ ನಾಟಕಗಳನ್ನು ಬಿಡಲಿಲ್ಲ. ಅವರ ಹೆಂಡತಿ ಪ್ರೇಮಾ ಕಾರಂತರಂತೂ ಬಹುಕಾಲ ಮಕ್ಕಳ ರಂಗಭೂಮಿಯನ್ನೇ ಕಟ್ಟಿದರು. ಮಕ್ಕಳಿಗೆ ಕಲಿಸಿ, ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಿ, ಆಮೇಲೆ 1983ರಲ್ಲಿ ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದ ಹೆಂಗಸು ಅವರು. ಹೆಣ್ಣುಮಗಳಾಗಿ ನಿನಗೆ ಅವರ ದಾರಿ ಇನ್ನೂ ಹತ್ತಿರದ್ದು ಅನ್ನಿಸುತ್ತದೆ ನನಗೆ. ‘ಫಣಿಯಮ್ಮ’ ನೀನು ನೋಡಿಲ್ಲದಿದ್ದರೆ ಇಲ್ಲಿಗೆ ಬಂದಾಗ ಜೊತೆಗೆ ಕೂತು ನೋಡೋಣ.

ಕಾರಂತರು ಒಂದೇ ಕಡೆ ನೆಲೆ ನಿಂತವರಲ್ಲ, ಕಟ್ಟಿದ್ದನ್ನು ಬಿಟ್ಟು ಮುಂದೆ ಹೋದವರು ಎಂದು ನೀನು ವಾದಿಸಬಹುದು. ಹೌದು, ಹೋದರು. ಅದರಿಂದ ಅವರಿಗೂ ಹತ್ತಿರದವರಿಗೂ ನೋವಾಗಿದ್ದಿರಬೇಕು. ಅದನ್ನು ನಾನು ಆದರ್ಶ ಎಂದು ನಿನ್ನ ಮುಂದೆ ಇಡುವುದಿಲ್ಲ. ಆದರೆ ಅವರು ಬಿಟ್ಟುಹೋದ ಕಡೆಯಲ್ಲೆಲ್ಲ ಕಲಿತವರು ಉಳಿದರು. 2002ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡರು. ಆದರೂ ಬೆನಕ, ರಂಗಾಯಣ ಎರಡೂ ಇವತ್ತಿಗೂ ಆಡುತ್ತಿವೆ.

ನಿನ್ನ ತಂಡದಲ್ಲಿ ನಿನಗೆ ಅವಮಾನವಾಗಿದ್ದರೆ, ಸಂಬಳ ಕೊಡದೆ ದುಡಿಸುತ್ತಿದ್ದರೆ ಬಿಟ್ಟು ಬಾ. ಅಂಥ ಕಡೆ ಇರು ಎಂದು ನಾನು ಹೇಳುವವಳಲ್ಲ, ನಿನ್ನ ಅಮ್ಮನಿಗೂ ನಾನೇ ಸಮಾಧಾನ ಹೇಳುತ್ತೇನೆ. ಆದರೆ ಮೇಳದಲ್ಲಿ ಕೂರಿಸಿದರು ಎಂಬ ಒಂದೇ ಕಾರಣಕ್ಕಾದರೆ ಸೋಮವಾರ ತಾಲೀಮಿಗೆ ವಾಪಸ್ಸು ಹೋಗು. ಹಾಡುವವರ ಉಸಿರು ಎಲ್ಲಿ ತುಂಡಾಗುತ್ತದೆ, ಯಾವ ಮಾತಿನ ಹಿಂದೆ ತಾಳ ಸುಮ್ಮನಿರಬೇಕು, ಇವನ್ನು ಅಲ್ಲಿ ಕೂತೇ ಗಮನಿಸು. ರಾತ್ರಿ ಒಂದು ಪುಸ್ತಕದಲ್ಲಿ ಬರೆದಿಡು. ನಾಳೆ ನಿನ್ನ ನಾಟಕ ಮಾಡುವಾಗ ಅದು ಬೇಕಾಗುತ್ತದೆ.

ದಸರಾ ರಜಕ್ಕೆ ನಾಲ್ಕು ದಿನ ಬಿಡುವು ಮಾಡಿಕೊಂಡು ಬಾ. ಅಜ್ಜಿ ಹುಡುಗಿಯಾಗಿದ್ದಾಗ ಊರಿಗೆ ಬರುತ್ತಿದ್ದ ಕಂಪನಿಗಳ ರಂಗಗೀತೆಗಳು ಇನ್ನೂ ಇಪ್ಪತ್ತು ಇಪ್ಪತ್ತೈದು ಅವರ ಬಾಯಲ್ಲಿವೆ. ಮೊನ್ನೆ ಹೂ ಕಟ್ಟುತ್ತ ಒಂದು ಹಾಡಿದರು, ಎರಡನೇ ಚರಣ ನೆನಪಾಗದೆ ಬಹಳ ಹೊತ್ತು ಸುಮ್ಮನೆ ಕೂತುಬಿಟ್ಟರು. ಬೆಳಗಿನ ಹೊತ್ತು, ಕಾಫಿ ಆದಮೇಲೆ ನೆನಪು ಚೆನ್ನಾಗಿರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದು ನನಗೆ ಸರಿಯಾಗಿ ಬರುವುದಿಲ್ಲ. ನೀನೇ ಬಂದು ಮಾಡಿಕೋ. ತಾಳವನ್ನೂ ತಂದರೆ ಅಜ್ಜಿಗೆ ಉತ್ಸಾಹ ಬರುತ್ತದೆ.

ಇಂತು ನಿನ್ನ ಒಳಿತನ್ನೇ ಬಯಸುವ,
ದೊಡ್ಡಮ್ಮ