ಬಂಗಾರದ ಬಣ್ಣದ ತಂತಿ ಬಿಟ್ಟು ತಾಮ್ರಕ್ಕೆ ಬರುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ,

ನಮಸ್ಕಾರ. ಅಂಗಿ, ಸ್ವೆಟರುಗಳ ಗುಂಡಿಗಳನ್ನು ತಂತಿಯಲ್ಲಿ ಕಟ್ಟಿ ಮಾಡುವ ನಮ್ಮ ಆಭರಣಗಳಲ್ಲಿ ಈ ದಸರಾದಿಂದ ಬಂಗಾರದ ಬಣ್ಣದ ತಂತಿ ಇರುವುದಿಲ್ಲ. ಸರ, ಬಳೆ, ಉಂಗುರ, ಓಲೆ ಎಲ್ಲವನ್ನೂ ಬರೀ ತಾಮ್ರದ ತಂತಿಯಲ್ಲಿ ಕಟ್ಟುತ್ತೇವೆ. ಓಲೆಯ ಕೊಕ್ಕೆ ಮಾತ್ರ ಬೆಳ್ಳಿಯದು. ಹಾಗಾಗಿ 180 ರೂಪಾಯಿ ಇದ್ದ ಜೋಡಿ ಓಲೆಗೆ ಇನ್ನು 290 ರೂಪಾಯಿ. ಉಳಿದವುಗಳ ಬೆಲೆ ಮೊದಲಿನಷ್ಟೇ.

ಮಳೆಗಾಲ ಶುರುವಾದಾಗ ನಮಗೆ ಒಂದು ಪಾರ್ಸೆಲ್ ವಾಪಸ್ ಬಂತು. ಒಳಗೆ ನಾವೇ ಕಟ್ಟಿದ ಒಂದು ಜೋಡಿ ಓಲೆ, ಜೊತೆಗೆ ಒಂದು ಫೋಟೊ. ಕಿವಿಯ ಹಾಲೆ ಕೆಂಪಗೆ ಊದಿಕೊಂಡು ನೀರು ಒಸರುತ್ತಿತ್ತು. ಆ ಗ್ರಾಹಕರು ಒಂದು ಮಾತೂ ಬೈದಿರಲಿಲ್ಲ. ಗುಂಡಿಗಳು ಅಮ್ಮನ ಸ್ವೆಟರಿನವು, ಅವನ್ನು ಹುಷಾರಾಗಿ ಬಿಚ್ಚಿ ಕೊಡಿ ಎಂದಷ್ಟೇ ಬರೆದಿದ್ದರು. ಅದನ್ನು ಓದಿ ನಮಗೆ ತುಂಬಾ ಸಂಕಟವಾಯಿತು.

ಕೊಕ್ಕೆಗಳನ್ನು ನಾವು ಸಗಟು ಅಂಗಡಿಯಿಂದ ತರುತ್ತಿದ್ದೆವು. ಅವುಗಳಲ್ಲಿ ಚರ್ಮಕ್ಕೆ ಅಲರ್ಜಿ ತರುವ ನಿಕಲ್ ಲೋಹ ಇಲ್ಲ ಎಂದು ಹೇಳಿಯೇ ಕೊಟ್ಟಿದ್ದರು. ಈ ಸಲ ನಿಕಲ್ ಪರೀಕ್ಷೆಯ ದ್ರಾವಣ ತರಿಸಿದೆವು. ಹತ್ತಿಗೆ ಎರಡು ಹನಿ ಹಾಕಿ ಲೋಹದ ಮೇಲೆ ತಿಕ್ಕಬೇಕು. ನಿಕಲ್ ಇದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿರುಗಿತು. ಡಬ್ಬದಲ್ಲಿದ್ದ ಬೇರೆ ಕೊಕ್ಕೆಗಳನ್ನೂ ತಿಕ್ಕಿ ನೋಡಿದೆವು, ಅಲ್ಲೂ ಅದೇ ಕಥೆ. ಈ ಕೆಲಸವನ್ನು ನಾವು ಮೊದಲ ದಿನವೇ ಮಾಡಬೇಕಿತ್ತು. ಮಾಡಲಿಲ್ಲ. ಅದಕ್ಕೆ ನಿಮ್ಮೆಲ್ಲರ ಕ್ಷಮೆ ಕೇಳುತ್ತೇವೆ.

ಬಂಗಾರದ ಬಣ್ಣದ ಲೇಪದ ಕೆಳಗೆ ಹೊಳಪಿಗಾಗಿ ನಿಕಲ್‌ನ ಒಂದು ಪದರ ಕೊಡುವುದು ಮಾಮೂಲು. ಮೇಲಿನ ಲೇಪ ಸವೆದರೆ ಬೆವರು ಒಳಗೆ ಇಳಿಯುತ್ತದೆ, ನಿಕಲ್ ಚರ್ಮಕ್ಕೆ ತಾಗುತ್ತದೆ. "ನಂಗೆ ಬಂಗಾರ ಬಿಟ್ಟು ಬೇರೆ ಯಾವುದೂ ಆಗಿ ಬರಲ್ಲ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ ಅಲ್ವಾ? ಅವರಲ್ಲಿ ಎಷ್ಟೋ ಜನರಿಗೆ ಆಗಿ ಬರದೇ ಇರುವುದು ಈ ನಿಕಲ್. ಒಮ್ಮೆ ಈ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಾಗಾಗಿ ಇನ್ನು ಮುಂದೆ ಕಿವಿಯೊಳಗೆ ಹೋಗುವ ಭಾಗ 925 ಬೆಳ್ಳಿಯದು. ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದನ್ನೂ ಹತ್ತಿಯಿಂದ ತಿಕ್ಕಿ ನೋಡಿಯೇ ತಂದಿದ್ದೇವೆ.

ಕೊಕ್ಕೆ ಬದಲಿಸಿದರೆ ಸಾಕಿತ್ತು, ತಂತಿಯನ್ನು ಯಾಕೆ ಬದಲಿಸಿದಿರಿ ಎಂದು ಕೇಳಬಹುದು. ತಂತಿ ಕೆಲಸ ಎಂದರೆ ಬಾಗಿಸುವ ಕೆಲಸ. ಲೇಪ ಇರುವ ತಂತಿಯನ್ನು ಬಾಗಿಸಿದ ಕಡೆಯೆಲ್ಲ ಲೇಪ ಬಿರುಕು ಬಿಡುತ್ತದೆ. ಇಕ್ಕಳದ ಹಲ್ಲು ತಾಗಿದರೆ ಗೀರು ಬೀಳುತ್ತದೆ. 18 ಲೈನಿನ (ಲೈನ್ ಎಂದರೆ ಗುಂಡಿಯ ಅಗಲದ ಅಳತೆ) ಶರಟಿನ ಗುಂಡಿ ಸುಮಾರು 11 ಮಿಲಿಮೀಟರ್ ಅಗಲ. ಅದರ ನಾಲ್ಕು ತೂತುಗಳಲ್ಲಿ ತಂತಿಯನ್ನು ಎರಡೆರಡು ಸಲ ಎಳೆಯುವಷ್ಟರಲ್ಲಿ ತೂತಿನ ಅಂಚೇ ಲೇಪವನ್ನು ಕೆರೆದುಬಿಡುತ್ತದೆ. ನಾವು ಕಳಿಸುವಾಗ ಥಳಥಳ ಹೊಳೆಯುತ್ತಿದ್ದ ಸರ ಮೂರು ತಿಂಗಳಲ್ಲಿ ಮಚ್ಚೆಮಚ್ಚೆಯಾಗುತ್ತಿತ್ತು. ಅದು ನಿಮಗೂ ಗೊತ್ತು, ನಮಗೂ ಗೊತ್ತಿತ್ತು.

ಸ್ಟೀಲ್ ತಂತಿಯಲ್ಲೂ ಪ್ರಯತ್ನಪಟ್ಟೆವು. ಅದು ತುಂಬಾ ಗಡಸು. ಬಿಗಿಯಾಗಿ ಎಳೆದಾಗ ಎರಡು ಚಿಪ್ಪಿನ ಗುಂಡಿಗಳು ತೂತಿನ ನಡುವೆಯೇ ಸೀಳಿಹೋದವು. ಅಲ್ಯುಮಿನಿಯಂ ತೀರಾ ಮೆದು, ಕೊಟ್ಟ ಆಕಾರ ನಿಲ್ಲುವುದಿಲ್ಲ. ತಾಮ್ರ ಮಾತ್ರ ನಮ್ಮ ಕೈಗೆ ಒಗ್ಗಿತು. ಮೊದಲು ಮೆತ್ತಗೆ ಬಾಗುತ್ತದೆ, ಬಾಗುತ್ತಾ ಬಾಗುತ್ತಾ ತಾನೇ ಗಟ್ಟಿಯಾಗುತ್ತದೆ. ಸುತ್ತಿದ ಕುಣಿಕೆ ಸಡಿಲವಾಗುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಬಳೆ ಸಡಿಲವೆಂದು ನೀವೇ ಅಮುಕಲು ಹೋಗಬೇಡಿ, ನಮಗೆ ಕಳಿಸಿ.

ತಾಮ್ರ ಬಣ್ಣ ಬದಲಿಸುತ್ತದೆ. ಮೊದಲು ಕೆಂಪು, ಆಮೇಲೆ ಜೇನಿನ ಬಣ್ಣ, ಕೊನೆಗೆ ಕಂದು. ಬೆವರು ಜಾಸ್ತಿ ಇದ್ದರೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತಾಗಿದರೆ ಕಿಲುಬು ಬರುತ್ತದೆ. ಕುತ್ತಿಗೆಯ ಮೇಲೆ ಹಸಿರು ಗುರುತು ಕಂಡರೆ ಗಾಬರಿ ಬೇಡ, ಸೋಪು ಹಾಕಿ ತೊಳೆದರೆ ಹೋಗುತ್ತದೆ.

ಒಂದು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತಾಮ್ರದ ಚೊಂಬು ಬೆಳಗಿ ಅಭ್ಯಾಸವಾದ ಕೈ ಅದನ್ನೇ ಮಾಡಲು ಹೋಗುತ್ತದೆ. ತಂತಿಗೇನೂ ಆಗುವುದಿಲ್ಲ, ಹೊಳೆಯುತ್ತದೆ ಕೂಡ. ಆದರೆ ಮುತ್ತಿನ ಚಿಪ್ಪಿನ ಗುಂಡಿ ಹೆಚ್ಚೂಕಡಿಮೆ ಸುಣ್ಣದ ಕಲ್ಲಿದ್ದ ಹಾಗೆ. ಹುಳಿ ತಾಗಿದರೆ ಮೇಲ್ಮೈ ಕರಗಿ ಆ ಕಾಮನಬಿಲ್ಲಿನ ಹೊಳಪು ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ನಿಂಬೆಹಣ್ಣು, ವಿನೆಗರ್ ಕೂಡ ಬೇಡ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಸಾಕು.

ನಿಮ್ಮ ಗುಂಡಿ ಚಿಪ್ಪಿನದೋ ಪ್ಲಾಸ್ಟಿಕ್ಕಿನದೋ ಗೊತ್ತಿಲ್ಲದಿದ್ದರೆ ಕೆನ್ನೆಗೆ ಒತ್ತಿ ನೋಡಿ. ಚಿಪ್ಪು ತಣ್ಣಗೆ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಮನೆಯಲ್ಲೇ ಕೂತು ಟೈಲರ್‌ಗಳಿಗೆ ಕಾಜಾ-ಗುಂಡಿ ಕೆಲಸ ಮಾಡುತ್ತಿದ್ದವರು, ಒಂದು ಶರಟಿಗೆ ಇಷ್ಟು ಎಂದು ಲೆಕ್ಕ. ಎಷ್ಟೋ ಗುಂಡಿಗಳನ್ನು ಮುಟ್ಟಿದಾಗಲೇ ಗುರುತು ಹಿಡಿಯುತ್ತೇವೆ. 1950ರ ದಶಕದಿಂದ ಈಚೆಗೆ ಪಾಲಿಯೆಸ್ಟರ್ ಗುಂಡಿ ಬಂದು ಚಿಪ್ಪಿನದನ್ನು ಹಿಂದೆ ಹಾಕಿತು. ಅದಕ್ಕೂ ಹಿಂದಿನ ಬಟ್ಟೆಗಳಲ್ಲಿ ಏನೇನೋ ಸಿಗುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನಿಂದ ಮಾಡಿದ ಗುಂಡಿಗಳೂ ಇವೆ. ಅವನ್ನು ನೀರಿನಲ್ಲಿ ನೆನೆಸಿದರೆ ಊದಿಕೊಳ್ಳುತ್ತವೆ, ಅದಕ್ಕೇ ಒಣ ಬಟ್ಟೆ ಎಂದು ಹೇಳಿದ್ದು. ಬೆಚ್ಚಗಾಗುವಷ್ಟು ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಅದು ಹಳೆಯದಾದಂತೆ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಅಂಥ ಗುಂಡಿಗಳನ್ನು ಇನ್ನು ಕಟ್ಟುವುದಿಲ್ಲ, ಹಾಗೆಯೇ ವಾಪಸ್ ಕಳಿಸುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಿಂದ ಈಗಾಗಲೇ ಓಲೆ ಕೊಂಡವರೆಲ್ಲ, ಕಿವಿಗೆ ಏನೂ ಆಗದೇ ಇದ್ದರೂ, ಅವನ್ನು ಹಾಕುವುದು ನಿಲ್ಲಿಸಿ ನಮಗೆ ಕಳಿಸಿ. ದುಡ್ಡು ತೆಗೆದುಕೊಳ್ಳದೆ ಬೆಳ್ಳಿಯ ಕೊಕ್ಕೆ ಹಾಕಿಕೊಡುತ್ತೇವೆ. ಬಿಲ್ ಬೇಡ, ನಾವು ಕಟ್ಟಿದ್ದು ನಮಗೆ ಗೊತ್ತಾಗುತ್ತದೆ. ಎರಡೂ ಕಡೆಯ ಅಂಚೆ ಖರ್ಚು ನಮ್ಮದು. ಬಣ್ಣ ಹೋದ ಸರ, ಬಳೆಗಳಿದ್ದರೆ ಅವನ್ನೂ ಜೊತೆಗೇ ಇಡಿ. ಹಳೆಯ ತಂತಿ ಕತ್ತರಿಸಿ, ನಿಮ್ಮದೇ ಗುಂಡಿಗಳನ್ನು ತಾಮ್ರದಲ್ಲಿ ಹೊಸದಾಗಿ ಕಟ್ಟುತ್ತೇವೆ. ಇದಕ್ಕೆ ಕೂಲಿ ಮಾತ್ರ 60 ರೂಪಾಯಿ.

ಮನೆಯ ಗುಂಡಿಗಳನ್ನು ಕಳಿಸುವವರು ಸುಮ್ನೆ ಕವರಿನಲ್ಲಿ ಸುರಿದು ಕಳಿಸಬೇಡಿ, ದಾರಿಯಲ್ಲಿ ಒಂದಕ್ಕೊಂದು ತಾಗಿ ಅಂಚು ಒಡೆಯುತ್ತವೆ. ಒಂದು ದಾರಕ್ಕೆ ಪೋಣಿಸಿ, ಬಟ್ಟೆಯಲ್ಲಿ ಸುತ್ತಿ ಕಳಿಸಿ. ಯಾರ ಬಟ್ಟೆಯ ಗುಂಡಿ ಎಂದು ಒಂದು ಚೀಟಿ ಬರೆದಿಡಿ. ಕಟ್ಟುವವರು ಅದನ್ನು ಎದುರಿಗೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ, ಆಭರಣದ ಜೊತೆ ಚೀಟಿಯೂ ನಿಮಗೆ ವಾಪಸ್ ಬರುತ್ತದೆ.

ನಿಮ್ಮ ವಿಶ್ವಾಸದ,
ಸಂಘದ ಎಲ್ಲ ಸದಸ್ಯರ ಪರವಾಗಿ
ಕಾರ್ಯದರ್ಶಿ