‘ಸುಮ್ನೆ ವಿಚಾರಣೆ’ ಎಂದರೆ ಯಾವ ಕಲಮು?

ಮಾನ್ಯ ಸಂಪಾದಕರೇ,

ಕಳ್ಳತನದ ಪ್ರಕರಣವೊಂದರಲ್ಲಿ ‘ಇಬ್ಬರು ಬಾಲಕರನ್ನು ಪೊಲೀಸರು ವಿಚಾರಣೆಗೆ ಒಳಪಡಿಸಿದ್ದಾರೆ’ ಎಂಬ ಸುದ್ದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಎರಡೇ ಸಾಲಿನ ಸುದ್ದಿ. ಓದಿದ ಮೇಲೆ ಹಳೆಯದೊಂದು ರಾತ್ರಿ ನೆನಪಾಯಿತು.

ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯಶಿಕ್ಷಕನಾಗಿದ್ದ ಕಾಲ. ಶನಿವಾರ ರಾತ್ರಿ ಒಂಬತ್ತೂವರೆಗೆ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ತಮ್ಮನ ಜೊತೆ ಮನೆ ಬಾಗಿಲಿಗೆ ಬಂದರು. ‘ಮೇಷ್ಟ್ರೇ, ಹುಡುಗನ ವಯಸ್ಸು ಒಂದು ಚೀಟೀಲಿ ಬರ್ಕೊಡಿ’ ಎಂದರು. ಹುಡುಗ ಎಸ್‌ಎಸ್‌ಎಲ್‌ಸಿ ಮುಗಿಸಿ ಬೈಕ್ ಗ್ಯಾರೇಜಿಗೆ ಸೇರಿದ್ದ. ಕದ್ದ ಬೈಕಿನ ವಿಷಯಕ್ಕೆ ಮಧ್ಯಾಹ್ನವೇ ಅವನನ್ನು ಠಾಣೆಗೆ ಕರೆದೊಯ್ದಿದ್ದರು. ಅವನಿಗೆ ಹದಿನಾರು ಎಂದರೆ ಅಲ್ಲಿ ಯಾರೂ ನಂಬಲಿಲ್ಲವಂತೆ. ‘ಮೀಸೆ ನೋಡಮ್ಮ’ ಎಂದು ನಕ್ಕರಂತೆ.

ಶಾಲೆಯ ಬೀಗ ತೆಗೆಸಿ, ಬೀರುವಿನಿಂದ ದಾಖಲಾತಿ ರಿಜಿಸ್ಟರ್ ಎಳೆದು, ಮೊಬೈಲ್ ಬೆಳಕಿನಲ್ಲಿ ಹುಡುಕಿದೆ. ಹುಟ್ಟಿದ ದಿನಾಂಕ ಜೂನ್ 1. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ ಅಲ್ವಾ! ಸೇರಿಸಲು ಬಂದ ಅಪ್ಪನಿಗೆ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆಯುತ್ತಿದ್ದುದೇ ಅದು. ಅಂದಾಜಿಗೆ ಬರೆದ ಆ ಒಂದು ಸಾಲು ಮುಂದೆ ಯಾವತ್ತೋ ಹುಡುಗನನ್ನು ಲಾಕಪ್ಪಿನಿಂದ ಹೊರಗಿಡುತ್ತದೆ ಎಂದು ಬರೆಯುವಾಗ ಯಾರಿಗೆ ಗೊತ್ತಿತ್ತು? 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಂತೆ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ನೋಡಬೇಕಾದ್ದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೀಸೆಯ ಪ್ರಸ್ತಾಪ ಎಲ್ಲೂ ಇಲ್ಲ.

ಠಾಣೆಗೆ ಹೋದರೆ ಹುಡುಗ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅವನ ಕೈಯಿಂದಲೇ ಲಾಕ್ ತೆಗೆಸಿದ ಫೋನಿನಲ್ಲಿ ಕಾನ್‌ಸ್ಟೆಬಲ್ ಒಬ್ಬರು ಗ್ಯಾಲರಿ ಸರಿಸುತ್ತಿದ್ದರು. ಅಕ್ಕನ ಮದುವೆಯ ಫೋಟೊಗಳು. ಏನು ಹುಡುಕುತ್ತಿದ್ದಾರೆ ಎಂದು ಕೇಳಿದೆ. ‘ಅರೆಸ್ಟ್ ಏನೂ ಮಾಡಿಲ್ಲ ಸಾರ್, ಸುಮ್ನೆ ವಿಚಾರಣೆ’ ಎಂದರು. ಚೀಟಿ ನೋಡಿ ಹನ್ನೊಂದೂವರೆಗೆ ಕಳಿಸಿದರು. ಹೊಡೆದಿರಲಿಲ್ಲ, ಆ ಮಾತು ಹೇಳಲೇಬೇಕು.

ನನ್ನ ತಕರಾರು ಇರುವುದು ಆ ‘ಸುಮ್ನೆ’ ಎಂಬ ಪದದ ಮೇಲೆ. ಕಾಯ್ದೆಯ 10ನೇ ಕಲಮಿನ ಪ್ರಕಾರ ಪೊಲೀಸರು ಹಿಡಿದ ಮಗುವನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ತಂದರೂ ಸಾಕು. ಲಾಕಪ್, ಜೈಲು ಎರಡೂ ಕೂಡದು. ಅಪ್ಪ ಅಮ್ಮನಿಗೆ ತಿಳಿಸಬೇಕು. ಈ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ಕೋಳ ಹಾಕುವಂತಿಲ್ಲ. ಯಾವ ಹೇಳಿಕೆಗೂ ಸಹಿ ಹಾಕಿಸುವಂತಿಲ್ಲ. ಆ ಅಧಿಕಾರಿ ಮಫ್ತಿಯಲ್ಲಿರಬೇಕು. ಮಾತಾಡಿಸುವಾಗ ಹೆತ್ತವರು ಪಕ್ಕದಲ್ಲಿರಬಹುದು. ಮೂರು ವರ್ಷದವರೆಗೆ ಶಿಕ್ಷೆ ಇರುವ ಬೈಕ್ ಕಳವಿನಂಥ ಆರೋಪಕ್ಕೆ, ಜೊತೆಗೆ ದೊಡ್ಡವರು ಇಲ್ಲದಿದ್ದರೆ, ಎಫ್‌ಐಆರ್ ಕೂಡ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಮಾಡಬೇಕು ಅಷ್ಟೆ.

ಆದರೆ ‘ಹಿಡಿದೇ ಇಲ್ಲ’ ಎಂದ ಮೇಲೆ 24 ಗಂಟೆಯ ಗಡಿಯಾರ ಶುರುವಾಗುವುದು ಯಾವಾಗ? ಆ ಹುಡುಗ ಮಧ್ಯಾಹ್ನದಿಂದ ನಡುರಾತ್ರಿಯ ತನಕ ಅಲ್ಲಿದ್ದ. ನಾನು ಕೇಳಿದಾಗ ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಬರೆದಿಲ್ಲ ಎಂದಮೇಲೆ ನಿಯಮ ಮುರಿದವರೂ ಇಲ್ಲ.

ಆರೋಪವೇ ಇಲ್ಲದ ಮಕ್ಕಳದೂ ಇದೇ ಪಾಡು. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ಬಗ್ಗೆ ಕೇಸಾಯಿತು. ಪೊಲೀಸರು ಸಮವಸ್ತ್ರದಲ್ಲೇ ಶಾಲೆಗೆ ಹೋಗಿ ಮಕ್ಕಳನ್ನು ಪ್ರಶ್ನಿಸಿದರು. ಅದು ಮಕ್ಕಳ ಹಕ್ಕಿನ ಉಲ್ಲಂಘನೆಯಂತೆ ಮೇಲ್ನೋಟಕ್ಕೇ ಕಾಣುತ್ತದೆ ಎಂದು ಹೈಕೋರ್ಟ್ ಹೇಳುವಷ್ಟರಲ್ಲಿ 2021ರ ಆಗಸ್ಟ್ ಬಂದಿತ್ತು.

ಫೋನಿನ ವಿಷಯ ನನಗೂ ಆಗ ಗೊತ್ತಿರಲಿಲ್ಲ. ದೊಡ್ಡವರ ಪ್ರಕರಣವೊಂದರಲ್ಲಿ 2021ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್, ಫೋನ್ ಜಾಲಾಡಲು ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಟ್ಟು ನೋಡಬಹುದು ಎಂದಿತು. ದೊಡ್ಡವರಿಗೇ ಅಷ್ಟು ಕಾವಲು ಬೇಕಾದರೆ ಹದಿನಾರರ ಹುಡುಗನಿಗೆ ಬೇಡವೇ? ಈಗಂತೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 2024ರ ಜುಲೈ 1ರಿಂದ ತಪಾಸಣೆ, ಜಪ್ತಿಯನ್ನು ವಿಡಿಯೊ ಮಾಡಬೇಕು. ಸಾಕ್ಷಿಯಾಗಿ 15 ವರ್ಷದೊಳಗಿನ ಹುಡುಗನನ್ನಾಗಲಿ, ಯಾವುದೇ ವಯಸ್ಸಿನ ಹೆಣ್ಣನ್ನಾಗಲಿ ಠಾಣೆಗೆ ಬಾ ಎನ್ನುವಂತಿಲ್ಲ, ಅವರಿರುವ ಮನೆಗೇ ಹೋಗಿ ಕೇಳಬೇಕು.

ಪತ್ರಿಕೆಯವರಿಗೂ ಒಂದು ಮಾತು, ಬೇಸರಿಸಬೇಡಿ. ಆ ಎರಡು ಸಾಲಿನ ಸುದ್ದಿಯಲ್ಲಿ ಬಾಲಕರ ಹೆಸರಿರಲಿಲ್ಲ, ಸರಿ. ಆದರೆ ಊರು, ಓದುವ ಶಾಲೆ, ಒಬ್ಬನ ತಂದೆಯ ಅಂಗಡಿ ಎಲ್ಲ ಇತ್ತು. ಆ ಊರಿನವರಿಗೆ ಹೆಸರು ಬೇರೆ ಬೇಕೇ? ಬಾಲನ್ಯಾಯ ಕಾಯ್ದೆಯ 74ನೇ ಕಲಮು ಗುರುತು ಸಿಗುವಂಥ ಶಾಲೆ, ವಿಳಾಸವನ್ನೂ ಬೇಡ ಎನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಗೃಹ ಇಲಾಖೆಯನ್ನು ಜಾಸ್ತಿ ಏನೂ ಕೇಳುವುದಿಲ್ಲ. 18 ತುಂಬದ ಮಗು ಯಾವ ಹೆಸರಿನಲ್ಲೇ ಠಾಣೆಯ ಬಾಗಿಲು ದಾಟಲಿ, ಬಂದ ಗಂಟೆ, ಹೋದ ಗಂಟೆ, ಕರೆತಂದವರ ಹೆಸರು ದಿನಚರಿಯಲ್ಲಿ ಬೀಳಲಿ. ಮಕ್ಕಳ ಕಲ್ಯಾಣ ಅಧಿಕಾರಿಯ ಹೆಸರು, ಮೊಬೈಲ್ ನಂಬರ್ ಠಾಣೆಯ ಒಳಗಿನ ಗೋಡೆಗಲ್ಲ, ಗೇಟಿಗೆ ಬರೆಸಲಿ. ಅವತ್ತು ಆ ತಾಯಿಗೆ ಒಳಗೆ ಬಿಡಲೇ ಇಲ್ಲ.

ಹೆತ್ತವರು ಮಕ್ಕಳ ಜನನ ಪ್ರಮಾಣಪತ್ರದ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098 ರಾತ್ರಿಯೂ ಇರುತ್ತದೆ. ಶನಿವಾರ ರಾತ್ರಿ ಶಾಲೆಯ ಬೀಗದ ಕೈ ಹಿಡಿದು ಬರುವ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮುಖ್ಯಶಿಕ್ಷಕ, ತುಮಕೂರು ಜಿಲ್ಲೆ