ಹೋಟೆಲ್, ಕ್ಯಾಂಟೀನ್, ಕೇಟರಿಂಗ್ ನಡೆಸುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸುರಕ್ಷಿತವಾಗಿ ಅಡುಗೆ ಮಾಡಿ ಬಡಿಸುತ್ತೇವೆ ಅಂತ ನಾವೆಲ್ಲ ಒಂದು ಮಾತು ಕೊಡೋಣ ಅಲ್ವಾ? ಸುಮ್ನೆ ಗೋಡೆಗೆ ಬೋರ್ಡ್ ತಗುಲಿಸುವುದಕ್ಕಲ್ಲ, ದಿನಾ ಪಾಲಿಸುವುದಕ್ಕೆ.

ಜಾಸ್ತಿ ಎಡವಟ್ಟಾಗುವುದು ಬಿಸಿ ಅಡುಗೆಯನ್ನು ತಣ್ಣಗೆ ಮಾಡುವಾಗ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ಮೇಲ್ಗಡೆ ತಣ್ಣಗಾಗುತ್ತದೆ, ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಆರಿಸಿ. ಮತ್ತೆ ಬಿಸಿ ಮಾಡುವಾಗ ಒಳಗೆಲ್ಲ 70 ಡಿಗ್ರಿ ದಾಟಬೇಕು. ಇದಕ್ಕೆ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ವಾಸನೆ ನೋಡಿ ಹೇಳುತ್ತೇನೆ ಅನ್ನುವವರ ಮಾತು ನಂಬಬೇಡಿ. ಕಾಯಿಲೆ ತರುವ ಎಷ್ಟೋ ರೋಗಾಣುಗಳಿಂದ ವಾಸನೆಯೂ ಬದಲಾಗುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಹಸಿ ಮಾಂಸಕ್ಕೆ ಬೇರೆ ಚಾಕು, ಬೇರೆ ಮಣೆ. ಇದು ಎಲ್ಲರಿಗೂ ಗೊತ್ತು. ಆದರೆ ಹೆಗಲ ಮೇಲಿನ ಆ ಒಂದೇ ಬಟ್ಟೆ? ಕೈ ಒರೆಸುವುದೂ ಅದರಲ್ಲೇ, ಚಾಕು ಒರೆಸುವುದೂ ಅದರಲ್ಲೇ, ಕೊನೆಗೆ ತಟ್ಟೆಯ ಅಂಚೂ ಅದರಲ್ಲೇ. ಮೊದಲು ಅದನ್ನು ತೆಗೆಸಿ.

ವಾಂತಿ, ಭೇದಿ ಆದವರನ್ನು ಅದು ನಿಂತು 48 ಗಂಟೆ ಆಗುವವರೆಗೆ ಅಡುಗೆಮನೆಗೆ ಬಿಡಬೇಡಿ. ಆ ದಿನಗಳ ಸಂಬಳ ಮಾತ್ರ ಕಡಿಯಬೇಡಿ, ಕಡಿದರೆ ಯಾರೂ ನಿಜ ಹೇಳುವುದಿಲ್ಲ.

ಈ ವಾರದಿಂದ ನಿಮ್ಮಲ್ಲಿ ಏನು ಬದಲಾಗುತ್ತದೆ ಅಂತ ಭಾನುವಾರದೊಳಗೆ ಇಲ್ಲೇ ಒಂದು ಸಾಲು ಬರೆಯಿರಿ. ಬರೀ ಹೆಬ್ಬೆರಳಿನ ಇಮೋಜಿ ಹಾಕಿದರೆ ಸಾಲದು.